ಮೂರು ಸಲ ಮಾತ್ರ ತಿದ್ದಿ ಕೊಡ್ತೀನಿ

"ಮೂರು ಸಲ ಮಾತ್ರ ತಿದ್ದಿ ಕೊಡ್ತೀನ್ರೀ. ನಾಲ್ಕನೇ ಸಲ ಕೇಳಬ್ಯಾಡ್ರಿ!"

ಚೆನ್ನೈನ ಸೌಕಾರ್‌ಪೇಟೆಯ ಹೋಟೆಲಿನ ಗಲ್ಲಾದ ಮುಂದೆ ನಿಂತು, ಮೆನು ಕಾರ್ಡಿನ ಕೆಲಸ ಒಪ್ಪಿಕೊಳ್ಳುತ್ತ ಭವಾನಿ ಹಾಗೆಂದಾಗ, ಒಳಗಿದ್ದ ಮಾಲೀಕರ ಮಗ ಮಿಥುನ್ ನಕ್ಕೇಬಿಟ್ಟ.

"ಎಂತ ಮಾರಾಯ್ರೆ! ನಮ್ಮಲ್ಲಿ ಐದನೇ ಸಲ ಸಾಂಬಾರ್ ಕೇಳಿದ್ರೂ ಮುಖ ಸಣ್ಣ ಮಾಡುದಿಲ್ಲ."

"ನಾನೇನು ಸಾಂಬಾರ್ ಬಕೆಟ್ಟೇನ್ರೀ?"

ಭವಾನಿಗೆ ಸಿಟ್ಟು ಬಂತು. ಸಿಟ್ಟಿನ ಹಿಂದೆಯೇ ಮತ್ತೇನೋ ಬಂತು... ಅದನ್ನು ಅವಳು ಒಪ್ಪಿಕೊಳ್ಳಲಿಲ್ಲ ಬಿಡಿ.

ಮನೆಯಿಂದಲೇ ಡಿಸೈನ್ ಮಾಡುವ ಭವಾನಿಗೆ ಈ ನಿಯಮ ಸುಮ್ಮನೆ ಹುಟ್ಟಿದ್ದಲ್ಲ. ಹೋದ ವರ್ಷ ಒಬ್ಬ ಗಿರಾಕಿ ಹತ್ತೊಂಬತ್ತು ಸಲ ಬಣ್ಣ ಬದಲಿಸಲು ಹೇಳಿ, ಕೊನೆಗೆ ಮೊದಲನೆಯದೇ ಸಾಕೆಂದಿದ್ದ. ಅವತ್ತು ಅತ್ತು ಅತ್ತು, ಇನ್ನು ಯಾರ ಮುಲಾಜಿಗೂ ಬಗ್ಗುವುದಿಲ್ಲವೆಂದು ತೀರ್ಮಾನಿಸಿದ್ದಳು.

ಮಿಥುನನ ಮೆನು ಕಾರ್ಡು ಎರಡು ತಿಂಗಳು ಹಿಡಿಯಿತು. ಪ್ರತಿ ತಿದ್ದುಪಡಿಗೂ ಅವಳೇ ಹೋಟೆಲಿಗೆ ಹೋದಳು. ಫೋನಿನಲ್ಲೇ ಮುಗಿಯುವ ಕೆಲಸ! ಆದರೂ ಹೋದಳು. ಅವನು ಕಾಫಿ ತಂದಿಟ್ಟು, ಅವಳ ಮಾತಿನ ಧಾಟಿ ಅಣಕಿಸುತ್ತಿದ್ದ.

ಮೂರನೆಯ ತಿದ್ದುಪಡಿ ಕೊಟ್ಟ ಮರುದಿನ ಬೆಳಿಗ್ಗೆ ಅವನ ಮೆಸೇಜು: "ಅಪ್ಪನಿಗೆ ಬಣ್ಣ ಬದಲಾಗ್ಬೇಕಂತೆ. ಇನ್ನೊಂದೇ ಸಲ... ನಮ್ಮವರೇ ಅಲ್ವಾ?"

ನಮ್ಮವರು! ಕಾಫಿ, ನಗು ಎಲ್ಲ ಇದಕ್ಕೇನಾ?

"ಆಗಂಗಿಲ್ಲ" ಎಂದು ಕಳಿಸಿದಳು.

ನೀಲಿ ಟಿಕ್ ಬಿತ್ತು. ಉತ್ತರ ಬರಲಿಲ್ಲ.

ಹನ್ನೊಂದಾಯಿತು... ಒಂದಾಯಿತು... ಫೋನ್ ಬೋರಲು ಹಾಕಿದಳು, ಮತ್ತೆ ತಿರುಗಿಸಿದಳು.

"ಯಾಕ ಹಿಂಗ ಓಡ್ಯಾಡ್ತಿ?" ಅವ್ವ ನೀಲಗಂಗಮ್ಮ ಕೇಳಿದರು.

"ಶೆಕೆ, ಅವ್ವಾ!"

ಫ್ಯಾನ್ ತಲೆಯ ಮೇಲೆಯೇ ತಿರುಗುತ್ತಿತ್ತು.

'ಹತ್ತು ನಿಮಿಷದ ಕೆಲಸ. ಮಾಡಿಕೊಟ್ಟರೆ ನಾನು ಮತ್ತೆ ಅದೇ ಹಳೇ ಭವಾನಿ. ಕೊಡದಿದ್ದರೆ... ಅವನು ದೂರವೇ ಆಗಿಬಿಟ್ಟರೆ?'

ಲ್ಯಾಪ್‌ಟಾಪ್ ತೆರೆದಳು. ಬಣ್ಣ ಮುಟ್ಟದೆ ಮುಚ್ಚಿದಳು.

ನಾಲ್ಕಕ್ಕೆ ತಡೆಯಲಾಗಲಿಲ್ಲ. ಮಾದರಿಗೆಂದು ತಂದಿದ್ದ ಹಳೆಯ ಮೆನು ಹಿಂತಿರುಗಿಸುವ ನೆಪದಲ್ಲಿ ಆಟೋ ಹತ್ತಿದಳು.

ಗಲ್ಲಾದಲ್ಲಿ ಮಿಥುನನ ಅಪ್ಪ ಮಧ್ವರಾಜರು ಮುಖ ಊದಿಸಿಕೊಂಡು ಕೂತಿದ್ದರು.

"ಬಾ ಮಗಾ. ರೊಂಬ ಹಠ ಅವನದ್ದು! 'ಅವರ ಕೆಲಸ ಸಾಂಬಾರಲ್ಲ ಅಪ್ಪಾ, ಇನ್ನು ತಿದ್ಲಿಕ್ಕಿಲ್ಲ' ಅಂತ ನನ್ನ ಹತ್ರ ಜಗಳ ಮಾಡಿ ಪ್ರೆಸ್ಸಿಗೆ ಓಡಿದ."

ಅಷ್ಟರಲ್ಲಿ ಮಿಥುನನೇ ಬಂದ, ಬೆವರಿಳಿಯುತ್ತಿತ್ತು, ಕೈಯಲ್ಲಿ ಮೆನು ಕಾರ್ಡುಗಳ ಕಟ್ಟು. ಮಧ್ವರಾಜರಿಗೆ ಅದೇ ಗಳಿಗೆಯಲ್ಲಿ ಅಡುಗೆಮನೆಯ ಕೆಲಸ ನೆನಪಾಯಿತು.

"ನಿಮ್ಮ ಮೂರನೆಯದ್ದೇ ಪ್ರಿಂಟ್ ಆಯ್ತು. ನಮ್ಮವರು ಅಂತ ಹೇಳಿ ಕೇಳಿದ್ದು ನನ್ನ ತಪ್ಪು."

"ಉತ್ತರ ಯಾಕ ಹಾಕಲಿಲ್ಲ? ಮುಂಜಾನೆಯಿಂದ ಜೀವ ಹೋಗಿತ್ತು ನಂದು!"

ಅಂದುಬಿಟ್ಟು ತುಟಿ ಕಚ್ಚಿಕೊಂಡಳು. ಕಣ್ಣು ತುಂಬಿತ್ತು.

"ಇದನ್ನು ನಿಮ್ಮ ಕೈಯಲ್ಲಿ ಇಡದೆ ಸಾರಿ ಹೇಳಿದ್ರೆ ನಂಬ್ತಿದ್ರಾ?" ಅವನ ದನಿ ಇಳಿಯಿತು. "ಕೆಲಸ ಮುಗೀತು. ನೀವು ಬರ್ಲಿಕ್ಕೆ ಇನ್ನು ನೆಪ ಇಲ್ಲ... ನನಗೆ ನೀವು ಇಷ್ಟ, ಭವಾನಿ. ಸುಮ್ಮನೆ, ನನ್ನನ್ನು ನೋಡ್ಲಿಕ್ಕೆ ಅಂತ ಬರ್ತೀರಾ? ಬೇಡ ಅಂದ್ರೆ ಇನ್ನೊಂದು ಸಲ ಕೇಳುದಿಲ್ಲ."

ಅವಳು ಹೊಸ ಮೆನುವಿನಿಂದ ಮುಖ ಮರೆಮಾಡಿಕೊಂಡಳು. ಅದರ ಹಿಂದಿನಿಂದ ಮಾತಷ್ಟೇ ಬಂತು.

"ಇದನ್ನ ದಿನಾ ಕೇಳ್ರಿ... ನಾ ಮುಖ ಸಣ್ಣ ಮಾಡಂಗಿಲ್ಲ."