ಏಳನೇ ದೋಷ

ದಿನಾಂಕ ಹದಿನಾಲ್ಕು, ಸೋಮವಾರ, ಬೆಳಿಗ್ಗೆ 10.40ಕ್ಕೆ ಶಾಲಾ ಆರೋಗ್ಯ ಕಚೇರಿಯ ವೈದ್ಯೆ ಠಾಣೆಗೆ ಬಂದು ದೂರು ಕೊಟ್ಟರು. ಶುಕ್ರವಾರ ಮಧ್ಯಾಹ್ನ 1.20ಕ್ಕೆ ಯಾರೋ ತಮ್ಮ ಹೆಸರಿನಲ್ಲಿ ಕಂಪ್ಯೂಟರಿಗೆ ನುಗ್ಗಿ, ಒಂಬತ್ತು ವರ್ಷದ ಹುಡುಗಿಯೊಬ್ಬಳ ದಾಖಲೆ ತಿದ್ದಿದ್ದಾರೆ. ಆ ಹೊತ್ತಿಗೆ ತಾವು ಹಲ್ಲಿನ ಡಾಕ್ಟರ ಮುಂದೆ ಬಾಯಿ ತೆರೆದು ಮಲಗಿದ್ದೆವು ಎಂಬುದು ದೂರಿನ ಸಾರ.

"ಏನು ತಿದ್ದಿದಾರೆ?" ಇನ್‌ಸ್ಪೆಕ್ಟರ್ ಕೇಳಿದರು.

"ಅಲರ್ಜಿ ಅನ್ನೋ ಕಡೆ 'ಇಲ್ಲ' ಅಂತಿತ್ತು. ಅದನ್ನ ಅಳಿಸಿ 'ಪೆನಿಸಿಲಿನ್ ಕೊಡಲೇಬಾರದು' ಅಂತ ಬರ್ದಿದಾರೆ."

"ನಿಜವಾಗ್ಲೂ ಕೊಡಬಾರದಾ?"

ವೈದ್ಯೆ ಹೌದೆಂದರು. ಗಂಟಲುನೋವಿಗೆ ಅದೇ ಇಂಜೆಕ್ಷನ್ನನ್ನು ಆ ಸೋಮವಾರ ಬೆಳಿಗ್ಗೆಯೇ ಕೊಡಬೇಕಿತ್ತು. ಬರಹ ಕಂಡು ಕೈ ತಡೆದು ಪರೀಕ್ಷೆ ಮಾಡಿದರು. ಕೊಟ್ಟಿದ್ದರೆ ಮಗು ಉಳಿಯುವುದು ಕಷ್ಟವಿತ್ತು. ದತ್ತು ತೆಗೆದುಕೊಂಡ ತಂದೆತಾಯಿಗೂ ಈ ಸಂಗತಿ ಗೊತ್ತಿರಲಿಲ್ಲ.

ಕನ್ನ ಹಾಕಿ ಒಳಬಂದವರು ಮನೆಯ ಕಸ ಗುಡಿಸಿ ಹೋದದ್ದನ್ನು ಇನ್‌ಸ್ಪೆಕ್ಟರ್ ಇಪ್ಪತ್ತೆರಡು ವರ್ಷದ ಸೇವೆಯಲ್ಲಿ ಕಂಡಿರಲಿಲ್ಲ. ಆದರೂ ಕನ್ನ ಕನ್ನವೇ. 11.15ಕ್ಕೆ ಎಫ್‌ಐಆರ್ ದಾಖಲಾಯಿತು.

ಮಧ್ಯಾಹ್ನ ಆರೋಗ್ಯ ಕಚೇರಿಯಲ್ಲಿ ಕಂಪ್ಯೂಟರ್ ವಿಭಾಗದ ಮೇಲ್ವಿಚಾರಕರು ವ್ಯವಸ್ಥೆಯನ್ನು ವಿವರಿಸಿದರು. ಡೇಟಾಬೇಸ್ ಎಂದರೆ ಕಡತಗಳ ಕೋಣೆ, ಪ್ರಾಕ್ಸಿ ಸರ್ವರ್ ಎಂದರೆ ಅದರ ಮುಂದಿನ ಕಿಟಕಿ. ಕೋಣೆಯೊಳಗೆ ಯಾರೂ ಕಾಲಿಡುವಂತಿಲ್ಲ. ಕಿಟಕಿಯಲ್ಲಿ ಗುರುತು ತೋರಿಸಿ ಬೇಕಾದದ್ದನ್ನು ಕೇಳಬೇಕು. ಆ ಕಿಟಕಿಯಲ್ಲಿ ಹನ್ನೊಂದು ದೋಷಗಳಿದ್ದವು. ಸರಿಪಡಿಸಲು ಎರಡು ವರ್ಷದ ಹಿಂದೆ ಇಂಜಿನಿಯರ್ ಒಬ್ಬಳನ್ನು ಗುತ್ತಿಗೆಯ ಮೇಲೆ ತೆಗೆದುಕೊಂಡಿದ್ದರು. ಈಗಲೂ ಉಸ್ತುವಾರಿಗೆ ಪ್ರತಿ ಶುಕ್ರವಾರ ಬರುತ್ತಾಳೆ. ಅವಳ ಕೆಲಸದಲ್ಲಿ ತಪ್ಪೆಂದು ಬೆರಳಿಟ್ಟು ತೋರಿಸುವಂತಿಲ್ಲ ಎಂದು ಅವರು ಬಾಯ್ತುಂಬ ಹೊಗಳಿದರು.

ಇನ್‌ಸ್ಪೆಕ್ಟರ್ ಹನ್ನೊಂದನ್ನೂ ತಮ್ಮೆದುರೇ ಪರೀಕ್ಷಿಸಲು ಹೇಳಿದರು. ಹತ್ತು ಭದ್ರವಾಗಿದ್ದವು. ಏಳನೆಯದು ಹಾಗೇ ಇತ್ತು: ಒಬ್ಬರು ಕೆಲಸ ಮುಗಿಸಿ ಎದ್ದುಹೋದರೂ ಕಿಟಕಿ ಅವರ ಗುರುತನ್ನು ಅಳಿಸದೆ, ಹಿಂದೆ ಬಂದವರಿಗೆ ಅದನ್ನೇ ಕೊಡುತ್ತಿತ್ತು. ರಿಜಿಸ್ಟರಿನಲ್ಲಿ ಮಾತ್ರ ಏಳರ ಮುಂದೆ 'ಸರಿಪಡಿಸಿದೆ' ಎಂದು ಇಂಜಿನಿಯರ್ ದುಂಡಗೆ ಬರೆದು ಸಹಿ ಹಾಕಿದ್ದಳು. ಮೇಲ್ವಿಚಾರಕರ ಮುಖ ಇಂಗು ತಿಂದ ಮಂಗನಂತಾಯಿತು. ಯಾರು ಯಾವಾಗ ಏನು ತೆರೆದರೆಂಬ ಹಳೆಯ ಲಾಗ್ ತೆಗೆಸಿದಾಗ ಉಳಿದದ್ದೂ ಹೊರಬಿತ್ತು. ನಲವತ್ತು ಸಾವಿರ ಮಕ್ಕಳ ದಾಖಲೆಯಲ್ಲಿ, ಎರಡು ವರ್ಷದಿಂದ, ಪ್ರತಿ ಶುಕ್ರವಾರ ಊಟದ ಹೊತ್ತಿಗೆ ಯಾರ್ಯಾರದೋ ಗುರುತಿನಲ್ಲಿ ತೆರೆದದ್ದು ಒಂದೇ ಮಗುವಿನ ಹಾಳೆ, ಅದೇ ಹುಡುಗಿಯದು.

ಮಂಗಳವಾರ ಬೆಳಿಗ್ಗೆ 9.30ಕ್ಕೆ ಆ ಇಂಜಿನಿಯರ್ ಮನೆಯ ಶೋಧ. ಬಾಗಿಲು ತೆರೆದವಳು ಸಮವಸ್ತ್ರ ನೋಡಿ ಪಕ್ಕಕ್ಕೆ ಸರಿದಳು. ಜೊತೆಗಿದ್ದ ಹಳೆಯ ಕಾನ್‌ಸ್ಟೆಬಲ್ಲಿಗೆ ಠಾಣೆಯಲ್ಲಿ ಟೇಪು ಎಂದೇ ಹೆಸರು. ಸೈಕಲ್ ಕಳವಾದರೂ ಅಳತೆಪಟ್ಟಿ ತೆಗೆಯುವ ಆಸಾಮಿ. ಆವತ್ತು ಅವನನ್ನು ನೋಡಿ ಯಾರೂ ನಗಲಿಲ್ಲ. ಅವನು ಹೇಳಿದ್ದು ಪಂಚನಾಮೆಯಲ್ಲಿ ಹೀಗೆ ಸೇರಿತು: "ಅಡುಗೆಕೋಣೆಯ ಬಾಗಿಲ ಚೌಕಟ್ಟಿನ ಮೇಲೆ ಎತ್ತರದ ಗೀರುಗಳು. ಕೆಳಗೆ ಬಣ್ಣದ ಬಳಪದಲ್ಲಿ ಮೂರು, ನಡುವೆ ಖಾಲಿ, ಮೇಲೆ ಪೆನ್ಸಿಲಿನಲ್ಲಿ ನಾಲ್ಕು. ಕೊನೆಯದು 131 ಸೆಂಟಿಮೀಟರ್. ಮನೆಯಲ್ಲಿ ಮಕ್ಕಳಿಲ್ಲ."

ದಾಖಲೆಯಲ್ಲಿದ್ದ ಎತ್ತರವೂ 131.

"ಯಾರಮ್ಮ ಈ ಮಗು?"

"ನನ್ನ ತಂಗಿ."

ಅಪ್ಪ ಅಮ್ಮ ಒಂದೇ ಅಪಘಾತದಲ್ಲಿ ಹೋದಾಗ ಇವಳಿಗೆ ಹತ್ತೊಂಬತ್ತು, ತಂಗಿಗೆ ಹನ್ನೊಂದು ತಿಂಗಳು. ಎರಡು ವರ್ಷ ಸೊಂಟದಿಂದ ಇಳಿಸದೆ ಸಾಕಿದಳು. ಕೊನೆಗೆ ಕೈಲಾಗದೆ ದತ್ತು ಕೊಟ್ಟಳು. ಎಲ್ಲಿದ್ದಾಳೆಂದು ಕೇಳುವುದಿಲ್ಲವೆಂದು ರುಜುವನ್ನೂ ಹಾಕಿದಳು. ಕಿಟಕಿ ರಿಪೇರಿ ಮಾಡುವಾಗ ಒಂದು ಹಾಳೆ ಕಣ್ಣಿಗೆ ಬಿತ್ತು: ಅದೇ ಹುಟ್ಟಿದ ದಿನ, ಎಡಹುಬ್ಬಿನ ಮೇಲೆ ಅದೇ ಗಾಯದ ಗುರುತು.

"ಆರು ತಿಂಗಳಿಗೊಂದ್ಸಲ ಅಳತೆ ತಗೋತಾರೆ. ವಾರವಾರ ಏನು ನೋಡ್ತಿದ್ರಿ?"

"ಅದನ್ನೇ. ಅದೇ ನಂಬರನ್ನ." ಅವಳು ಚೌಕಟ್ಟಿನ ಕಡೆ ನೋಡಿದಳು. "ನೋಡದೆ ಇರೋಕೆ ಆಗ್ತಿರ್ಲಿಲ್ಲ ಸಾರ್."

"ಇಂಜೆಕ್ಷನ್ ವಿಷಯ ಫೋನ್ ಮಾಡಿ ಹೇಳಬಹುದಿತ್ತು."

"ದತ್ತು ಕೊಡುವಾಗ್ಲೇ ಬರ್ದುಕೊಟ್ಟಿದ್ದೆ, ಎಲ್ಲೋ ಬಿಟ್ಟುಹೋಗಿದೆ. ಶುಕ್ರವಾರ ಹಾಳೇಲಿ ಸೋಮವಾರ ಪೆನಿಸಿಲಿನ್ ಅಂತ ಕಂಡ್ಮೇಲೇ ಅಲರ್ಜಿ ಕಡೆ ನೋಡಿದ್ದು. ಡಾಕ್ಟರಿಗೆ ಫೋನೂ ಮಾಡ್ದೆ, ಅವರಿರ್ಲಿಲ್ಲ. ಎತ್ತಿದೋರು ಮಗುವಿಗೆ ನೀವೇನಾಗಬೇಕು ಅಂದ್ರು. ಏನಂತ ಹೇಳ್ಲಿ? ಇಟ್ಟುಬಿಟ್ಟೆ."

"ತಿದ್ದಿದ್ರೆ ಸಿಕ್ಕಿಬೀಳ್ತೀರಿ ಅಂತ ಗೊತ್ತಿತ್ತಾ?"

"ಗೊತ್ತಿತ್ತು."

11.50ಕ್ಕೆ ಬಂಧನ. ಠಾಣೆಗೆ ಬಂದವಳು ಒಂದೇ ಒಂದು ಕೋರಿಕೆ ಇಟ್ಟಳು: ಏಳನೆಯದನ್ನು ಈಗಲೇ ಮುಚ್ಚಿಸಿ, ಇನ್ನೊಬ್ಬರು ನುಗ್ಗಿದರೆ ಒಂದೇ ಮಗುವನ್ನು ನೋಡಿ ಸುಮ್ಮನಾಗುವುದಿಲ್ಲ. ಆರೋಪಿಗೆ ಯಂತ್ರ ಮುಟ್ಟಲು ಬಿಡುವಂತಿರಲಿಲ್ಲ. ಹಾಗಾಗಿ ಅವಳು ಹೇಳಿದ ನಾಲ್ಕು ಸಾಲು ಕೋಡನ್ನು ಮೇಲ್ವಿಚಾರಕರು ಫೋನಿನಲ್ಲಿ ಕೇಳಿಸಿಕೊಂಡು ಬರೆದರು. ಆರು ನಿಮಿಷದ ಕೆಲಸ. ಎರಡು ವರ್ಷ ಕಣ್ಣಲ್ಲಿ ಕಣ್ಣಿಟ್ಟು ಕಾದುಕೊಂಡದ್ದನ್ನು ಅವಳು ತಾನೇ ಮುಚ್ಚಿದಳು.

ಎರಡು ತಿಂಗಳ ಮೇಲೆ ದೋಷಾರೋಪಪಟ್ಟಿ ಸಿದ್ಧವಾಯಿತು. ಅದರ ಪೂರ್ತಿ ಪ್ರತಿಯನ್ನು ಆರೋಪಿಗೆ ಕೊಡಬೇಕೆಂಬುದು ಕಾನೂನು. ನ್ಯಾಯಾಲಯದ ಮೊಗಸಾಲೆಯಲ್ಲಿ ಅದನ್ನು ಕೊಟ್ಟು ಇನ್‌ಸ್ಪೆಕ್ಟರ್, "ಮೂವತ್ತೊಂದನೇ ಪುಟ ನೋಡಿ" ಎಂದರು. ವೈದ್ಯೆ ದೃಢೀಕರಿಸಿದ ಮಗುವಿನ ಹಾಳೆ. ಹೆಸರು, ವಿಳಾಸದ ಮೇಲೆ ಕಪ್ಪು ಪಟ್ಟಿ. ಅಲರ್ಜಿಯ ಮುಂದೆ ಅವಳು ಬರೆದದ್ದೇ ಇತ್ತು, ಕೆಳಗೆ ಈಗ ವೈದ್ಯೆಯ ಸಹಿ. ಬಂಧನವಾದ ನಂತರದ ವಾರ ತೆಗೆದ ಹೊಸ ಎತ್ತರವೂ ಇತ್ತು: 134.

ಅವಳು ಆ ಸಾಲನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಅಂಗೈಯನ್ನು ಅಡ್ಡಲಾಗಿ ತನ್ನ ಭುಜದ ಹತ್ತಿರ ಹಿಡಿದಳು. ಇನ್‌ಸ್ಪೆಕ್ಟರ ಜೊತೆ ಬಂದಿದ್ದ ಟೇಪು ಅಳತೆಪಟ್ಟಿ ತೆಗೆದು, ನೆಲದಿಂದ ಎಳೆದು ನೋಡಿದ.

"ಇನ್ನೂ ಎರಡು ಬೆರಳು ಮೇಲಮ್ಮ" ಎಂದ.

ಅವಳು ಕೈಯನ್ನು ಎರಡು ಬೆರಳು ಎತ್ತಿದಳು. ಒಳಗಿಂದ ಪ್ರಕರಣದ ಸಂಖ್ಯೆ ಕೂಗುವವರೆಗೂ ಕೆಳಗಿಳಿಸಲಿಲ್ಲ.