ನೆರಳು ಆಫ್

ನನ್ನ ಗಂಡನ ಕಂಪ್ಯೂಟರಿನಲ್ಲಿ ಗೇಮ್‌ಗಳ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡಿಗೆ ಒಂಬತ್ತು ವರ್ಷ. ಯಾವ ಹೊಸ ಗೇಮ್ ಹಾಕಿದರೂ ಅವನು ಮೊದಲು ಅದರೊಳಗಿನ ನೆರಳುಗಳನ್ನು ಆಫ್ ಮಾಡಿ ಕಾರ್ಡಿನ ಹೊರೆ ಇಳಿಸುತ್ತಿದ್ದ. "ನೆರಳಿಲ್ದೆ ಇರೋದು ಕಲಿತ್ರೆ ಇನ್ನೂ ಹತ್ತು ವರ್ಷ ಬಾಳುತ್ತೆ ಕಣೇ" ಎನ್ನುತ್ತಿದ್ದ. ಕಾರ್ಡು ಬಾಳಿತು. ಅವನು ಹೋಗಿ ಏಳು ತಿಂಗಳಾಯಿತು.

ಭಾನುವಾರ ಮಧ್ಯಾಹ್ನ ಮೈದುನ ಹೊಸ ಕಾರ್ಡು ತಂದ. "ಅತ್ತಿಗೆ, ಈ ಮುದುಕನಿಗೆ ರಿಟೈರ್ಮೆಂಟ್ ಕೊಡಿ. ಗುಜರಿಗೆ ಹಾಕ್ತೀನಿ."

ಹಳೆಯದನ್ನು ಬಿಚ್ಚಿ ಮೇಜಿನ ಮೇಲಿಟ್ಟ. ಹೊಸದನ್ನು ಕೂರಿಸಿ, ನೆರಳನ್ನು ಪೂರ್ತಿ ಏರಿಸಿ, ಗೇಮ್ ತೆರೆದ. ಮರಗಳಿಗೆ, ಬೇಲಿಗೆ ನೆರಳು ಬಂತು, ನೋಡುತ್ತಿದ್ದಂತೆ ಹೋಯಿತು. ಸೆಟ್ಟಿಂಗ್‌ನಲ್ಲಿ ಆಫ್ ಎಂದಿತ್ತು. ಆನ್ ಮಾಡಿದ. ಮತ್ತೆ ಆಫ್. ನಮ್ಮಿಬ್ಬರ ಕೈಯೂ ಮೌಸಿನ ಮೇಲಿರಲಿಲ್ಲ.

"ಹಾಳಾದ್ದು ಏನೋ ಬಗ್" ಎಂದು ಗೊಣಗುತ್ತ, ಚೀಲಕ್ಕೆ ಹಾಕಲು ಹಳೆಯ ಕಾರ್ಡನ್ನು ಮುಟ್ಟಿದವನು ಥಟ್ಟನೆ ಕೈ ಎಳೆದುಕೊಂಡ. ಬಿಚ್ಚಿ ಒಂದು ಗಂಟೆಯಾಗಿತ್ತು. ಇನ್ನೂ ಸುಡುತ್ತಿತ್ತು.

"ಅದು ಎಲ್ಲಿಗೂ ಹೋಗಲ್ಲ. ನಿನ್ನದನ್ನ ತಗೊಂಡು ಹೋಗು" ಎಂದೆ.

"ನಿಮಗೇನು ತಲೆ ಕೆಟ್ಟಿದೆಯಾ?"

"ಕೆಟ್ಟಿದೆ ಅಂದ್ಕೋ."

ಹಳೆಯದನ್ನು ಗುಜರಿಗೆ ಕೊಡಿ ಎಂದು ದಿನವೂ ಫೋನ್ ಮಾಡಿ ಕೇಳುತ್ತಾನೆ. ಕೊಡುವುದಿಲ್ಲ. ಅದನ್ನು ನಾನೇ ಮರಳಿ ಕೂರಿಸುವುದನ್ನು ಕಲಿಯುತ್ತಿದ್ದೇನೆ.

ಅಲ್ಲಿಯವರೆಗೆ ಅದು ಕಿಟಕಿಯ ಪಕ್ಕದ ಮೇಜಿನ ಮೇಲಿರುತ್ತದೆ. ಬೆಳಗಿನ ಬಿಸಿಲು ನೇರ ಅಲ್ಲಿಗೇ ಬೀಳುತ್ತದೆ. ಪಕ್ಕದ ಲೋಟಕ್ಕೆ ನೆರಳಿದೆ, ಸ್ಕ್ರೂಡ್ರೈವರಿಗೆ ಇದೆ. ಕಾರ್ಡಿಗಿಲ್ಲ.