ಬಾಣಾವರದಲ್ಲಿ ಸಿಕ್ಕ ಹೆಂಗಸು

"ಬಾಯಿ ಬಿಡ್ಲಾ! ಎಲ್ಲವ್ಳೆ ನನ್ನೆಂಡ್ತಿ?"

ಕುತ್ತಿಗೆಗೆ ಮಚ್ಚು ಒತ್ತುತ್ತಿತ್ತು... ಹಿಡಿದಿದ್ದವನು ಷಡಕ್ಷರಪ್ಪ. ಅರಸೀಕೆರೆಯ ಕೊಬ್ಬರಿ ಮಂಡಿ ಸಾಹುಕಾರ. ನನಗೆ ಕೆಲಸ ಕೊಟ್ಟ ಪಾರ್ಟಿಯೂ ಅವನೇ!

ನಾನಿದ್ದದ್ದು ಅರಸೀಕೆರೆ ಸ್ಟೇಷನ್ನಿನ ಗೂಡ್ಸ್ ಶೆಡ್ ಹಿಂದೆ. ಆಚೆ ಪ್ಲಾಟ್‌ಫಾರಂನಲ್ಲಿ ಬೆಂಗಳೂರು ಗಾಡಿ. ಅದರ ಲೇಡೀಸ್ ಬೋಗಿಯಲ್ಲಿ ಅವನ ಹೆಂಡತಿ ಅನುಸೂಯಮ್ಮ. ಗಾಡಿ ಹೊರಡುವವರೆಗೆ ಇವನನ್ನು ಇಲ್ಲೇ ತಡೆಯಬೇಕು.

ತೊಂಬತ್ತೇಳನೇ ಇಸವಿ ಮಾತು ಸಾರ್. ಪೊಲೀಸ್ ಕೆಲಸ ಹೋದಮೇಲೆ ಓಡಿಹೋದವರನ್ನು ಹುಡುಕಿ ಹೊಟ್ಟೆ ಹೊರೆಯುತ್ತಿದ್ದೆ.

"ಯಾವನ್ ಜೊತೆಗೋ ಓಡೋಗವ್ಳೆ. ಎಳ್ಕಂಡ್ ಬಾ" ಅಂದಿದ್ದ.

ನಂಬಿದೆ. ಬೇಲೂರು, ಹಳೇಬೀಡಿನ ಲಾಡ್ಜ್‌ಗಳನ್ನೆಲ್ಲ ಜಾಲಾಡಿದೆ. ಓಡಿಹೋದ ಜೋಡಿ ಇನ್ನೆಲ್ಲಿ ಹೋಗುತ್ತೆ?

ಆಯಮ್ಮ ಸಿಕ್ಕಿದ್ದು ಬಾಣಾವರ ಸ್ಟೇಷನ್‌ನಲ್ಲಿ. ಒಬ್ಬಳೇ! ಸೆರಗನ್ನು ಎದೆಗೆ ಒತ್ತಿ ಹಿಡಿದು ಕಲ್ಲುಬೆಂಚಿನ ಮೇಲೆ ಕೂತಿದ್ದಳು. ಸೆರಗು ಒದ್ದೆ. ಕೀವಿನ ವಾಸನೆ.

"ಯಾರಮ್ಮಾ ಅವನು?"

"ಯಾರೂ ಇಲ್ಲ ಕಣಣ್ಣ. ಎದೇಲಿ ಗಡ್ಡೆ ಐತೆ. ಕ್ಯಾನ್ಸರ್ ಅಂದ್ರು ಡಾಕ್ಟ್ರು. ಬೇಗ ಆಪರೇಷನ್ ಆಗ್ಬೇಕಂತೆ."

"ಸಾಹುಕಾರ್ರಿಗೆ ಗೊತ್ತಾ?"

"ಗೊತ್ತು. ಮಗಳ ಮದ್ವೆ ಆಗೋಗಂಟ ಉಸಿರೆತ್ತಬ್ಯಾಡ ಅಂದ್ರು. ತಾಯಿಗೆ ಬಂದಿದ್ದು ಮಗಳಿಗೂ ಬತ್ತದೆ ಅಂತ ಬೀಗರು ಕೈ ಬಿಡ್ತಾರಂತೆ. ಯಾವನೋ ನಾಟಿ ವೈದ್ಯನ ತಾವ ಲೇಪ ಹಚ್ಚಿಸಿದ್ರು. ಸುಟ್ಟೋಯ್ತು..."

ಆಪರೇಷನ್‌ಗೆ ಅಂತ ಬೆಂಗಳೂರಿಗೆ ಹೊರಟಿದ್ದಳು ಸಾರ್! ಜೊತೆಗೇ ಗಾಡಿ ಹತ್ತಿದೆ. ಅರಸೀಕೆರೆಯಲ್ಲಿ ಇವನೂ ಇವನ ಆಳುಗಳೂ ಕಾಣಿಸಿದರು. ಧುಮುಕಿ ಓಡಿದೆ. ಎಲ್ಲರೂ ನನ್ನ ಹಿಂದೆ ಬಿದ್ದರು. ನನಗೆ ಬೇಕಾಗಿದ್ದೂ ಅದೇ.

ಒಬ್ಬನನ್ನು ಬಿಟ್ಟು... ಗಾಡಿ ಹತ್ತಿರವೇ ಉಳಿದಿದ್ದ ಆ ಆಳು ಈಗ ಕೂಗಿದ.

"ಸಾವ್ಕಾರ್ರೇ! ಅಮ್ಮೋರು ಗಾಡೀಲವ್ರೆ!"

ಷಡಕ್ಷರಪ್ಪ ಆ ಕಡೆ ತಿರುಗಿದ. ಗಾಡಿ ಇನ್ನೂ ನಿಂತೇ ಇತ್ತು!

ಶೆಡ್ ಮುಂದೆ ಮಂಡಿಯವರೆಲ್ಲ ಲೋಡ್ ಮಾಡಿಸುತ್ತಿದ್ದರು. ಆಯಮ್ಮ ಗಾಡಿಯಲ್ಲಿ ಹೇಳಿದ್ದು ನೆನಪಾಯಿತು. "ತಡೆದ್ರೆ ಕೂಗಿ ಹೇಳ್ಬುಡಣ್ಣ. ನಂಗಿನ್ನು ನಾಚ್ಕೆ ಇಲ್ಲ."

"ಒಂದು ಹೆಜ್ಜೆ ಇಟ್ರೂ ಕೂಗ್ತೀನಿ!" ಅಂದೆ.

"ಏನಂತ ಕೂಗೀಯಲಾ?"

"ನಿಮ್ಮ ಹೆಂಡ್ತಿಗೆ ಸ್ತನ ಕ್ಯಾನ್ಸರ್ ಅಂತ!"

ಮಚ್ಚು ಕೆಳಗಿಳಿಯಿತು. ಅಂಗೈ ನನ್ನ ಬಾಯಿಗೆ ಬಂತು.

"ಮೆಲ್ಲಗೆ... ಮೆಲ್ಲಗೆ ಮಾತಾಡೋ..."

ಹೆಂಡತಿ ಓಡಿಹೋದಳು ಅಂತ ನನ್ನ ಹತ್ತಿರ ಗಟ್ಟಿಯಾಗಿ ಹೇಳಿದ್ದ ಗಂಡಸು!

ಗಾಡಿ ಸಿಳ್ಳೆ ಹಾಕಿ ಹೊರಟಿತು.

ಬೆಂಗಳೂರಿನಲ್ಲಿ ಆಪರೇಷನ್ ಆಯಿತು. ಒಂದು ಮೊಲೆ ಪೂರ್ತಿ ತೆಗೆದರು. ಕಂಕುಳಿಗೂ ಹರಡಿತ್ತು. ಲೇಪ ಹಚ್ಚಿಕೊಂಡು ಕೂತಿದ್ದೇ ಕೆಟ್ಟದ್ದಾಯಿತು ಅಂದರು ಡಾಕ್ಟರ್. ಬದುಕುತ್ತಾಳೆ ಅಂತ ಮಾತ್ರ ಯಾರೂ ಹೇಳಲಿಲ್ಲ.

ಷಡಕ್ಷರಪ್ಪ ಮತ್ತೆ ನನ್ನ ಹತ್ತಿರ ಬಂದ. ಈ ಸಲ ಕೈಯಲ್ಲಿ ಹಣ್ಣಿನ ಬುಟ್ಟಿ.

"ಬೆನ್ನಿನ ಮಾಂಸ ತಗದು ಹೊಸದಾಗಿ ಮಾಡ್ತಾರಂತಲ್ಲ... ಪ್ಲಾಸ್ಟಿಕ್ ಸರ್ಜರಿ. ಅದನ್ನ ಮಾಡಿಸ್ಕಂಡೇ ಬರಕ್ಕೇಳು. ಮದ್ವೇಲಿ ಯಾರ್ಗೂ ಗೊತ್ತಾಗಬಾರ್ದು."

ವಾರ್ಡಿಗೆ ಹೋಗಿ ಹೇಳಿದೆ. ಆಯಮ್ಮನ ತಲೆಯಲ್ಲಿ ಕೂದಲಿರಲಿಲ್ಲ. ಬುಟ್ಟಿಯನ್ನು ಪಕ್ಕದ ಮಂಚದವಳ ಕಡೆ ತಳ್ಳಿದಳು.

"ಮಾಡಿಸ್ಕಂಡ್ರೆ ನನಗೋಸ್ಕರ ಮಾಡಿಸ್ಕತೀನಿ, ಅವ್ರ ಮದ್ವೆಗಲ್ಲ. ಅವ್ರಿಗೆ ಒಂದು ಮಾತು ಹೇಳ್ಬುಡಿ ಅಣ್ಣ."

"ಏನಂತಮ್ಮಾ?"

"ಹೆಂಡ್ತಿ ಓಡೋದ್ಲು ಅಂದಿದ್ರಲ್ಲ... ಈಗ ನಿಜ ಆಯ್ತು ಅಂತ!"